ನಾಲ್ಕು ತಾಲ್ಲೂಕಿನ ಹಳೇ ಓಟಗಾರರಿಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಓಟಗಾರ ಅಣ್ಣಂದಿರೇ, ಅಕ್ಕಂದಿರೇ, ನನ್ನ ಓರಗೆಯವರೇ,

ನಿಮ್ಮಲ್ಲಿ ಕೆಲವರ ಹೆಸರು ನನಗೆ ಗೊತ್ತು. ಬಹಳ ಜನರ ಬೆನ್ನು ಮಾತ್ರ ಗೊತ್ತು. 5,000 ಮೀಟರ್ ಓಟದಲ್ಲಿ ನನ್ನ ಮುಂದೆ ಓಡುತ್ತಿದ್ದವರ ಮುಖ ಕಾಣುತ್ತಿದ್ದದ್ದು ಓಟ ಮುಗಿದು ಎಲ್ಲರೂ ಮಂಡಿ ಹಿಡಿದು ಬಗ್ಗಿ ನಿಂತಾಗಲೇ. ಆಮೇಲೆ ನೀವು ರೇಷ್ಮೆ ಗೂಡಿನ ವ್ಯಾಪಾರಕ್ಕೆ, ಪೊಲೀಸ್ ಕೆಲಸಕ್ಕೆ, ಬಿಡದಿಯ ಕಾರ್ಖಾನೆಗೆ, ಗಂಡನ ಮನೆಗೆ ಹೋದಿರಿ. ನಾನೂ ನನ್ನ ಪಾಡಿಗೆ ಹೋದೆ. ಈಗ ಐವತ್ತು ದಾಟಿದ ಮೇಲೆ ಅದೇ ಓಟಕ್ಕೆ, ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟದ 5,000 ಮೀಟರಿಗೆ, ಮತ್ತೆ ಹೆಸರು ಕೊಟ್ಟು ಓಡಿ ಬಂದಿದ್ದೇನೆ. ಬಂದದ್ದು ಕಟ್ಟಕಡೆಯವನಾಗಿ. ನೀವೂ ಬರಬೇಕು ಅಂತ ಕೇಳುವುದಕ್ಕೆ ಈ ಪತ್ರ.

ನನ್ನ ಹಳೇ ಸರ್ಟಿಫಿಕೇಟಿನ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆ ಅಂತ ಅಚ್ಚಾಗಿದೆ. ಆಗ ನಮ್ಮ ನಾಲ್ಕೂ ತಾಲ್ಲೂಕು ಆ ಜಿಲ್ಲೆಯಲ್ಲಿದ್ದವು; ಹಾರೋಹಳ್ಳಿಯ ಹುಡುಗರು ಕನಕಪುರದ ಲೆಕ್ಕದಲ್ಲೇ ಓಡುತ್ತಿದ್ದರು. 2007ರಲ್ಲಿ ರಾಮನಗರ ಜಿಲ್ಲೆ ಆಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು. ಕೂತಲ್ಲೇ ಕೂತು ಮೂರು ಜಿಲ್ಲೆ ಕಂಡವರು ನಾವು. ಓಟದ ದಾರಿ ಮಾತ್ರ ಹಳೆಯದೇ ಇದೆ: ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ವಿಭಾಗಕ್ಕೆ, ಅಲ್ಲೂ ಗೆದ್ದವರು ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ. ದಸರಾ ಅಂದರೆ ಜಂಬೂಸವಾರಿ ಅಂದುಕೊಂಡವರಿಗೆ, ಅದಕ್ಕೂ ಎಷ್ಟೋ ದಿನ ಮುಂಚೆ ತಾಲ್ಲೂಕು ತಾಲ್ಲೂಕಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಇನ್ನೊಂದು ದಸರಾ ಶುರುವಾಗಿರುತ್ತದೆ ಅನ್ನುವುದು ಗೊತ್ತಿರುವುದಿಲ್ಲ.

ಮೈದಾನ ನಿಮಗೆ ನೆನಪಿದ್ದೀತು. ಆಗಸ್ಟ್, ಸೆಪ್ಟೆಂಬರಿನ ಮಳೆ ರಾತ್ರಿ ಸುರಿದು ಬೆಳಿಗ್ಗೆ ಹೊಳವಾದರೆ ಅರ್ಧ ಗೆರೆ ತೊಳೆದು ಹೋಗಿರುತ್ತದೆ. ಪಿ.ಟಿ. ಮೇಷ್ಟ್ರು ಮತ್ತೆ ಡಬ್ಬದಲ್ಲಿ ಸುಣ್ಣದ ಪುಡಿ ಹಿಡಿದು ಬಗ್ಗಿ ಬಗ್ಗಿ ಎಳೆಯುತ್ತಾರೆ. 400 ಮೀಟರಿನ ಟ್ರ್ಯಾಕ್ ಇದ್ದರೆ 5,000ಕ್ಕೆ ಹನ್ನೆರಡೂವರೆ ಸುತ್ತು ಸಾಕು. ಶಾಲೆಯ ಮೈದಾನದಲ್ಲಿ ಎಳೆದ 200 ಮೀಟರಿನದ್ದಾದರೆ 25 ಸುತ್ತು. ಸುತ್ತು ಎಣಿಸುವವರಿಗೂ ತಲೆ ಸುತ್ತು. ಒಂದು ಮೂಲೆಯಲ್ಲಿ ಕೆಸರು, ಅಲ್ಲಿ ಎಲ್ಲರೂ ಗೆರೆ ಬಿಟ್ಟು ಒಂದಡಿ ಹೊರಗೆ ಓಡುತ್ತಾರೆ. ಓಟ ಮುಗಿಯುವ ಹೊತ್ತಿಗೆ ಅಲ್ಲೊಂದು ಹೊಸ ಕಾಲುದಾರಿಯೇ ಬಿದ್ದಿರುತ್ತದೆ. ಇದೆಲ್ಲ ಹಾಗೇ ಇದೆ. ನೀವು ಬಂದರೆ ದಾರಿ ಕೇಳಬೇಕಾಗಿಲ್ಲ.

ನೋಂದಣಿ ಮೇಜಿನಲ್ಲಿ ಕೂತಿದ್ದ ಹುಡುಗ ನನ್ನನ್ನು ನೋಡಿ, “ಮಗನ ಹೆಸರು ಹೇಳಿ ಸರ್” ಅಂದ. ಮಗ ಮನೆಯಲ್ಲಿ ಮಲಗಿದ್ದಾನೆ, ಓಡೋನು ನಾನು ಅಂದೆ. ಅವನು ನಗಲಿಲ್ಲ. ಬರೆದುಕೊಂಡು, ಚೆಸ್ಟ್ ನಂಬರು ಕೊಟ್ಟು, ನಾಲ್ಕು ಪಿನ್ನು ಎಣಿಸಿ ಅಂಗೈ ಮೇಲಿಟ್ಟ. ಆ ಗಂಭೀರತನ ನನಗೆ ಹಿಡಿಸಿತು.

ಓಟ ಶುರುವಾಗುವ ಜಾಗದಲ್ಲಿ ಬೆಚ್ಚಗಾಗಲು ಕುಣಿಯುತ್ತಿದ್ದ ಹುಡುಗರ ಮಾತು ಕೇಳಿಸಿಕೊಳ್ಳುತ್ತಾ ನಿಂತಿದ್ದೆ. ಈ ಪತ್ರದ ಮುಖ್ಯ ಕಾರಣ ಆ ಮಾತುಗಳೇ. ನಮ್ಮ ಕಾಲದಲ್ಲಿ ಅಲ್ಲಿ ಮೈಸೂರಿನ ಮಾತಿರುತ್ತಿತ್ತು, ಯಾವ ಕಾಲೇಜಿನವನು ಎಷ್ಟು ಟೈಮಿಂಗ್ ಮಾಡಿದ ಅನ್ನುವ ಮಾತಿರುತ್ತಿತ್ತು. ಈ ಹುಡುಗರ ಬಾಯಲ್ಲಿ ಇದ್ದದ್ದು ಆರು ನಿಮಿಷ ಮೂವತ್ತು ಸೆಕೆಂಡು. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಗಂಡಸರು 1,600 ಮೀಟರನ್ನು ಅಷ್ಟರೊಳಗೆ ಓಡಬೇಕು. ಹೆಂಗಸರು 400 ಮೀಟರನ್ನು ಎರಡು ನಿಮಿಷದೊಳಗೆ. ಸೇನೆಯ ಅಗ್ನಿವೀರ ಭರ್ತಿಗೂ 1.6 ಕಿ.ಮೀ. ಓಟ ದಾಟಲೇಬೇಕು, ಅಲ್ಲಿ ಗಡಿಯಾರ ಇನ್ನೂ ಬಿಗಿ. ಚನ್ನಪಟ್ಟಣದಲ್ಲಂತೂ ಪೊಲೀಸ್ ತರಬೇತಿ ಶಾಲೆಯೇ ಇರುವುದರಿಂದ ಖಾಕಿಯ ಆಸೆ ಹುಡುಗರಿಗೆ ಕಣ್ಣೆದುರೇ ಇರುತ್ತದೆ. ಮುಂಜಾನೆ ಮೈದಾನದಲ್ಲಿ ಓಡುವ ಹತ್ತು ಹುಡುಗರಲ್ಲಿ ಎಂಟು ಜನ ಓಡುವುದು ಈ ಕೆಲಸಗಳಿಗಾಗಿ ಅಂತ ನನ್ನ ಅಂದಾಜು. ಒಬ್ಬ ನನ್ನ ಹತ್ತಿರವೇ ಬಂದು, “ಅಂಕಲ್, ನೀವು ಯಾವ ಫಿಸಿಕಲ್‌ಗೆ ಪ್ರಾಕ್ಟೀಸ್ ಮಾಡ್ತಿದ್ದೀರಾ?” ಅಂತ ಕೇಳಿದ.

ನಗು ಬಂತು. ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಕೆಲಸಕ್ಕಲ್ಲದೆ ಓಡುವ ದೊಡ್ಡವರನ್ನು ಅವನು ನೋಡಿಯೇ ಇಲ್ಲ. ಕೆಲಸ ಸಿಕ್ಕವನು ಓಟ ಬಿಡುತ್ತಾನೆ, ವಯಸ್ಸಿನ ಮಿತಿ ದಾಟಿ ಕೆಲಸ ಸಿಗದವನೂ ಬಿಡುತ್ತಾನೆ. ಇಪ್ಪತ್ತೇಳು, ಇಪ್ಪತ್ತೆಂಟಕ್ಕೆ ಮೈದಾನ ಪೂರ್ತಿ ಖಾಲಿ ಮಾಡಿಸಿ ಹೊಸಬರನ್ನು ತುಂಬಿಸುವ ಬಸ್ ನಿಲ್ದಾಣದ ಹಾಗಾಗಿದೆ ನಮ್ಮ ಓಟ. ಎರಡನೇ ಸುತ್ತಿನಲ್ಲೇ ನುಗ್ಗಿ ಹದಿನೆಂಟನೇ ಸುತ್ತಿನಲ್ಲಿ ಕೂತುಬಿಡುವ ಹುಡುಗನಿಗೆ “ನಿಧಾನ ಹಿಡಿ ಮಗಾ” ಅನ್ನುವವರು ಅಲ್ಲಿ ಪಿ.ಟಿ. ಮೇಷ್ಟ್ರೊಬ್ಬರೇ. ಅವರೋ, ಉದ್ದಜಿಗಿತದ ಅಳತೆ ಪಟ್ಟಿ ಹಿಡಿದು ಇನ್ನೊಂದು ಮೂಲೆಯಲ್ಲಿರುತ್ತಾರೆ. ಗೆದ್ದದ್ದು ಹೇಗೆ ಅನ್ನುವುದಕ್ಕಿಂತ ಗೆಲ್ಲದೆ ಹೋದ ಮೇಲೂ ಹೇಗೆ ಓಡುತ್ತಿದ್ದೆವು ಅನ್ನುವುದನ್ನು ತೋರಿಸಲು ಅಲ್ಲಿ ಯಾರೂ ಇಲ್ಲ. ಆ ಜಾಗ ನಮ್ಮದು. ನಾವು ಬಿಟ್ಟು ಬಂದಿದ್ದೇವೆ.

ಇನ್ನು ನನ್ನ ಓಟ. ನಾಲ್ಕನೇ ಸುತ್ತಿಗೇ ಮುಂದಿದ್ದವನು ಹಿಂದಿನಿಂದ ಬಂದು, “ಸೈಡ್ ಅಣ್ಣ” ಅಂದ. ಮುಂದಿನ ಸಲ “ಸೈಡ್ ಸರ್” ಅಂದ. ಅದಾದ ಮೇಲೆ, “ಅಂಕಲ್, ದಮ್ ಕಟ್ಟಿ, ಬಿಡಬೇಡಿ” ಅಂದ. ಒಂದೇ ಓಟದಲ್ಲಿ ಸಂಬಂಧ ಇಷ್ಟು ಬದಲಾದದ್ದು ನನಗೆ ಹೊಸತು. ಮಿಕ್ಕವರೆಲ್ಲ ಮುಗಿಸಿದ ಮೇಲೆ ಟ್ರ್ಯಾಕಿನಲ್ಲಿ ನಾನೊಬ್ಬನೇ. 100 ಮೀಟರಿನ ಹುಡುಗಿಯರು ಗೆರೆಯ ಹತ್ತಿರ ಬಂದು ನಿಂತಾಗಿತ್ತು. ಸುತ್ತು ಎಣಿಸುತ್ತಿದ್ದ ಮೇಷ್ಟ್ರು ಬೇಕಿದ್ದರೆ ಸಾಕು ಅಂತ ಕೈ ತೋರಿಸಬಹುದಿತ್ತು. ತೋರಿಸಲಿಲ್ಲ. ಹೆಬ್ಬೆರಳು ಮಡಚಿ ನಾಲ್ಕು ಅಂದರು, ಮೂರು ಅಂದರು. ಕೊನೆ ಸುತ್ತಿಗೆ ಮಾಮೂಲಿನಂತೆ ವಿಸಿಲ್ ಊದಿದರು. ಮುಗಿಸಿ ನಿಂತಾಗ ಆ ಹುಡುಗಿಯರಲ್ಲಿ ಒಬ್ಬಳು ನೀರಿನ ಬಾಟಲಿ ಕೊಟ್ಟು, “ನಮ್ಮಮ್ಮನೂ ಸ್ಕೂಲಲ್ಲಿ ಓಡ್ತಿದ್ರಂತೆ” ಅಂದಳು.

ಅಕ್ಕಂದಿರೇ, ಆ ಮಾತು ಹೊತ್ತುಕೊಂಡೇ ಮನೆಗೆ ಬಂದೆ. ಹೈಸ್ಕೂಲಿನಲ್ಲಿ ನಮಗಿಂತ ಚೆನ್ನಾಗಿ ಓಡುತ್ತಿದ್ದ ನಿಮ್ಮನ್ನು ಹತ್ತನೇ ತರಗತಿಯ ನಂತರ ಮೈದಾನದಲ್ಲಿ ನೋಡಿದವರೇ ಇಲ್ಲ. ಈಗ ಬೆಳಗಿನ ಹೊತ್ತು ಜಿಲ್ಲಾ ಕ್ರೀಡಾಂಗಣಕ್ಕೋ, ಕೆಂಗಲ್ ಆಂಜನೇಯನ ಗುಡಿ ಕಡೆಯ ರಸ್ತೆಗೋ ಹೋದರೆ ಚೂಡಿದಾರಕ್ಕೆ ಶೂ ಹಾಕಿ ಬಿರುಸಾಗಿ ನಡೆಯುವ ಹೆಂಗಸರು ಗಂಡಸರಷ್ಟೇ ಇರುತ್ತಾರೆ. ಓಡುವವರು ತೀರ ಕಡಿಮೆ. ನಡೆದರೆ ಡಾಕ್ಟರು ಹೇಳಿದ್ದಾರೆ ಅನ್ನಬಹುದು, ಓಡಿದರೆ ಏನು ಹೇಳುವುದು? ಕ್ಯಾಥರಿನ್ ಸ್ವಿಟ್ಜರ್ ಅಂತ ಒಬ್ಬರ ಸಂಗತಿ ಹೇಳುತ್ತೇನೆ. 1967ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಅವರು ನಂಬರು ಧರಿಸಿ ಓಡುತ್ತಿದ್ದಾಗ, ಹೆಂಗಸು ಅಂತ ಗೊತ್ತಾಗಿ ಅಲ್ಲಿನ ಒಬ್ಬ ಅಧಿಕಾರಿ ರಸ್ತೆ ಮಧ್ಯೆಯೇ ಆ ನಂಬರು ಕೀಳಲು ಬಂದ. ಜೊತೆಯಲ್ಲಿ ಓಡುತ್ತಿದ್ದವರು ಅವನನ್ನು ತಳ್ಳಿ ಹಾಕಿದರು, ಆಕೆ ಓಟ ಮುಗಿಸಿದರು. 1972ರಲ್ಲಿ ಆ ಓಟ ಹೆಂಗಸರಿಗೆ ಅಧಿಕೃತವಾಗಿ ತೆರೆಯಿತು. 2017ರಲ್ಲಿ, ಐವತ್ತು ವರ್ಷದ ನಂತರ, ಎಪ್ಪತ್ತನೇ ವಯಸ್ಸಿನಲ್ಲಿ ಅದೇ ರಸ್ತೆಗೆ ಅದೇ 261 ನಂಬರು ಹಾಕಿಕೊಂಡು ಹೋಗಿ ಮತ್ತೊಮ್ಮೆ ಓಡಿ ಮುಗಿಸಿದರು. ನಮ್ಮೂರಲ್ಲಿ ನಿಮ್ಮ ನಂಬರು ಕೀಳಲು ಯಾರೂ ಬರುವುದಿಲ್ಲ. ನೋಡುವವರು ನೋಡುತ್ತಾರೆ, ಅಷ್ಟೇ. ಒಂದು ವಾರ ನೋಡಿ ಅವರಿಗೇ ಬೇಜಾರಾಗುತ್ತದೆ.

ದೇಹದ ವಿಷಯಕ್ಕೆ ಬರುತ್ತೇನೆ, ಮುಚ್ಚಿಡುವುದು ಬೇಡ. ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇ 10ರ ಹಾಗೆ ದೇಹ ಆಮ್ಲಜನಕ ಬಳಸುವ ಶಕ್ತಿ ಇಳಿಯುತ್ತದೆ. ಬಿಡದೆ ಓಡುತ್ತ ಬಂದವರಲ್ಲಿ ಈ ಇಳಿತ ನಿಧಾನ. ಎದೆಬಡಿತದ ಮೇಲಿನ ಮಿತಿಯೂ ವರ್ಷ ವರ್ಷ ತಗ್ಗುತ್ತದೆ, ಅದಕ್ಕೆ ಯಾವ ತಾಲೀಮೂ ಮದ್ದಲ್ಲ. ಮೀನಖಂಡದ ನೋವು ಆಗ ರಾತ್ರಿ ಕಳೆದರೆ ಹೋಗುತ್ತಿತ್ತು, ಈಗ ನೆಂಟರ ಹಾಗೆ ನಾಲ್ಕು ದಿನ ಇದ್ದು ಹೋಗುತ್ತದೆ. ಹಳೇ ಟೈಮಿಂಗ್ ನೆನಪಿಟ್ಟುಕೊಂಡು ಓಡಲು ಹೊರಟರೆ ದಿನಾ ಜಗಳ. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಕೆನಡಾದ ಎಡ್ ವಿಟ್‌ಲಾಕ್ 2003ರಲ್ಲಿ, 72ನೇ ವಯಸ್ಸಿನಲ್ಲಿ, ಮೂರು ಗಂಟೆಗೆ 50 ಸೆಕೆಂಡು ಬಾಕಿ ಇರುವಾಗಲೇ ಪೂರ್ಣ ಮ್ಯಾರಥಾನ್ ಮುಗಿಸಿದರು. ಎಪ್ಪತ್ತು ದಾಟಿದವರಲ್ಲಿ ಅದಕ್ಕೂ ಮೊದಲು ಯಾರೂ ಹಾಗೆ ಓಡಿರಲಿಲ್ಲ. ಮರುವರ್ಷ ಇನ್ನೂ ಬೇಗ ಓಡಿದರು. ಅವರ ಅಭ್ಯಾಸ ಮನೆ ಹತ್ತಿರದ ಸ್ಮಶಾನದಲ್ಲಿ ಸುತ್ತು ಹೊಡೆಯುವುದಾಗಿತ್ತು. ಅಲ್ಲಿ ಗಾಡಿಗಳ ಕಾಟ ಇಲ್ಲವಲ್ಲ.

ಫೌಜಾ ಸಿಂಗರ ಹೆಸರು ನೀವು ಕೇಳಿರುತ್ತೀರಿ. ಪಂಜಾಬಿನ ರೈತ, ಎಂಬತ್ತು ದಾಟಿದ ಮೇಲೆ ಓಟಕ್ಕೆ ಇಳಿದವರು. 2011ರಲ್ಲಿ ನೂರನೇ ವಯಸ್ಸಿನಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದರು. ಗಿನ್ನೆಸ್ ದಾಖಲೆಯವರು ಮಾತ್ರ ಒಪ್ಪಲಿಲ್ಲ, ಜನನ ಪತ್ರ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿದ್ದ 1911 ಅವರಿಗೆ ಸಾಲಲಿಲ್ಲ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಕಣ್ಣಳತೆಯಲ್ಲಿ ಬರೆದ ಹುಟ್ಟಿದ ತಾರೀಖು ಇಟ್ಟುಕೊಂಡು ಬದುಕಿದವರು ಎಷ್ಟು ಜನ ಇದ್ದೇವೆ! ವಯಸ್ಸಿನ ಪ್ರಕಾರ ಓಟ ನಡೆಸಿದರೆ ನಮ್ಮಲ್ಲಿ ಕೆಲವರಿಗೆ ಆ ಮೇಷ್ಟ್ರ ಕೃಪೆಯಿಂದ ಒಂದೆರಡು ವರ್ಷದ ಲಾಭವೋ ನಷ್ಟವೋ ಆಗುವುದು ಖಂಡಿತ.

ವಯಸ್ಸಿನ ಪ್ರಕಾರ ಓಟ ಅಂದೆನಲ್ಲ, ನಾನು ನಿಮ್ಮ ಮುಂದಿಡುವ ಬೇಡಿಕೆ ಅದೇ. ಹಿರಿಯರ ಅಥ್ಲೆಟಿಕ್ಸ್ ಅನ್ನುವುದು ಜಗತ್ತಿನಾದ್ಯಂತ 35ಕ್ಕೆ ಶುರುವಾಗಿ ಐದೈದು ವರ್ಷಕ್ಕೊಂದು ಗುಂಪಾಗಿ ನಡೆಯುತ್ತದೆ. ನಮ್ಮ ಸರ್ಕಾರಿ ನೌಕರರ ಕ್ರೀಡಾಕೂಟದಲ್ಲೂ ವಯಸ್ಸಿನ ಗುಂಪುಗಳಿವೆ. ಬೆಂಗಳೂರಿನಲ್ಲಿ 2008ರಿಂದ ನಡೆಯುವ ವಿಶ್ವ 10 ಕಿ.ಮೀ. ಓಟದಲ್ಲಿ ಮೊದಲಿಗರ ಪಟ್ಟಿಯ ಜೊತೆಗೆ ವಯಸ್ಸಿನ ಗುಂಪಿನಲ್ಲಿ ನಿಮ್ಮ ಸ್ಥಾನ ಎಷ್ಟು ಅಂತಲೂ ತೋರಿಸುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಪಕ್ಕದ ನಾಲೆ ಏರಿಯ ಮೇಲೆ ನಡೆಯುವ ಕಾವೇರಿ ಟ್ರೈಲ್ ಮ್ಯಾರಥಾನ್ 2007ರಲ್ಲಿ ಶುರುವಾಯಿತು. ಅಲ್ಲಿಗೆ ಬೆಂಗಳೂರಿನಿಂದ ನರೆತ ತಲೆಯವರು ನಮ್ಮ ಊರುಗಳನ್ನು ದಾಟಿಕೊಂಡೇ ಹೋಗುತ್ತಾರೆ. ದುಡ್ಡು ಕಟ್ಟುವ ಓಟಗಳಲ್ಲಿ ನಲವತ್ತೈದರವನಿಗೂ ಜಾಗ ಇದೆ. ದುಡ್ಡು ಕಟ್ಟದ ನಮ್ಮ ತಾಲ್ಲೂಕು ಕೂಟದಲ್ಲಿ ಪುರುಷರು, ಮಹಿಳೆಯರು ಅಂತ ಎರಡೇ ಸಾಲು. ಹತ್ತೊಂಬತ್ತರವನೂ ಐವತ್ತರವನೂ ಒಂದೇ ಗೆರೆಯಲ್ಲಿ.

ಇನ್ನು ಅರವತ್ತಾದ ಮೇಲೆ ಸರ್ಕಾರ ನಮ್ಮನ್ನು ಮತ್ತೆ ನೆನೆಯುತ್ತದೆ. ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನಾಚರಣೆಗೆಂದು ಜಿಲ್ಲೆಯಲ್ಲಿ ಸ್ಪರ್ಧೆ ಇಡುತ್ತಾರೆ: ಬಿರುಸಿನ ನಡಿಗೆ, ಬಕೆಟ್ಟಿಗೆ ಚೆಂಡು ಹಾಕುವುದು, ಇಂಥವು. ಒಳ್ಳೆಯದೇ. ಆದರೆ ಇಪ್ಪತ್ತೈದಕ್ಕೆ ಓಟ ಮುಗಿಸಿ ಅರವತ್ತಕ್ಕೆ ಬಕೆಟ್ಟಿಗೆ ಚೆಂಡು ಹಾಕಲು ಬರುವ ತನಕ ಮನುಷ್ಯ ಎಲ್ಲಿರಬೇಕು? ನಾನು ಕೇಳುವುದು ದೊಡ್ಡದಲ್ಲ. ತಾಲ್ಲೂಕು ಕೂಟದ ದಿನವೇ, ಅದೇ ಗೆರೆಯಲ್ಲಿ, ಅದೇ ವಿಸಿಲ್‌ಗೆ, 35 ದಾಟಿದ ಗಂಡಸರಿಗೊಂದು, ಹೆಂಗಸರಿಗೊಂದು 1,500 ಮೀಟರ್ ಓಟ. ಜಿಲ್ಲೆಗೆ ಕಳಿಸುವುದು ಬೇಡ, ಟಿ.ಎ. ಬೇಡ. ಒಂದಷ್ಟು ಪದಕ, ಮೈಕಿನಲ್ಲಿ ಒಮ್ಮೆ ಹೆಸರು. ಹುಡುಗರು ಅದನ್ನು ನಿಂತು ನೋಡಬೇಕು, ಅದೇ ಉದ್ದೇಶ.

ಊರ ಕೂಟದಿಂದ ಏನಾಗುತ್ತೆ ಅನ್ನುವವರಿಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರು ಹೇಳಿ. ಪುಣೆಯ ಡೆಕ್ಕನ್ ಜಿಮ್ಖಾನಾದ ಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ನೋಡಿ, ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಅಂತ ಹೊರಟಿದ್ದರಿಂದ 1920ರ ಆಂಟ್‌ವರ್ಪ್‌ಗೆ ಭಾರತದ ತಂಡ ಹೋಯಿತು. ಅದರಲ್ಲಿ ಚೌಗುಲೆ ಇದ್ದರು, ಮ್ಯಾರಥಾನ್‌ನಲ್ಲಿ 19ನೆಯವರಾಗಿ ಬಂದರು. ಸುಣ್ಣದ ಗೆರೆ ಎಳೆದವರು, ಸುತ್ತು ಎಣಿಸಿದವರು ಯಾರು ಅಂತ ಯಾರೂ ಬರೆದಿಟ್ಟಿಲ್ಲ. ಅವರಿಲ್ಲದೆ ಟಾಟಾ ನೋಡುವುದಕ್ಕೆ ಅಲ್ಲಿ ಏನಿರುತ್ತಿತ್ತು?

ಅಭ್ಯಾಸ ಎಲ್ಲಿ ಮಾಡುವುದು ಅಂತ ಕೇಳಬೇಡಿ, ನಮ್ಮ ಸೀಮೆಯಲ್ಲಿ ಅದೊಂದಕ್ಕೆ ಬರ ಇಲ್ಲ. ಮಾಗಡಿಯವರಿಗೆ ಹುಲಿಕಲ್‌ನಿಂದ ಕುದೂರಿನ ತನಕ ಸಾಲುಮರದ ತಿಮ್ಮಕ್ಕನವರು ಗಂಡನ ಜೊತೆ ಬಿಂದಿಗೆ ಹೊತ್ತು ನೀರೆರೆದು ಬೆಳೆಸಿದ ಆಲದ ಮರಗಳ ನೆರಳಿದೆ. ಹೋಗಿ ಬಂದರೆ ಒಂದು ದಿನದ ಓಟ ಆಯಿತು, ಬಿಸಿಲೇರಿದ ಮೇಲೂ ತಂಪು. ಏರು ಬೇಕು ಅನ್ನುವವರು ಸಾವನದುರ್ಗದ ಕಡೆಗೆ ಹೋಗಿ, ಒಂದೇ ವಾರದಲ್ಲಿ ತೊಡೆ ಮಾತಾಡುತ್ತದೆ. ಚನ್ನಪಟ್ಟಣದವರಿಗೆ ಕಣ್ವ ಜಲಾಶಯದ ರಸ್ತೆ. ರಾಮನಗರ, ಚನ್ನಪಟ್ಟಣ ಎರಡಕ್ಕೂ ಬೈಪಾಸ್ ಬಂದು 2023ರಲ್ಲಿ ದಶಪಥ ಪೂರ್ತಿ ತೆರೆದ ಮೇಲೆ ಹಳೇ ಮೈಸೂರು ರಸ್ತೆಯಲ್ಲಿ ಬೆಳಗಿನ ಹೊತ್ತು ಲಾರಿ ಗದ್ದಲ ಎಷ್ಟೋ ತಗ್ಗಿದೆ. ರಸ್ತೆ ಬದಿಯ ಗೊಂಬೆ ಅಂಗಡಿಯವರಿಗೆ ಇದರಿಂದ ಬಿದ್ದ ಪೆಟ್ಟು ಚಿಕ್ಕದಲ್ಲ, ಆ ಮಾತು ಬೇರೆ. ಓಡುವವರಿಗೆ ಮಾತ್ರ ಉಸಿರಾಡುವ ಹಾಗಾಗಿದೆ. ಕನಕಪುರದವರಿಗೆ ಒಂದು ಎಚ್ಚರಿಕೆ: ಸಾತನೂರು, ಕಬ್ಬಾಳು, ಸಂಗಮದ ರಸ್ತೆಗಳಲ್ಲಿ ಪೂರ್ತಿ ಬೆಳಕು ಹರಿಯುವ ತನಕ ಹೊರಡಬೇಡಿ. ಕಾವೇರಿ ವನ್ಯಧಾಮದಿಂದ ತೋಟಕ್ಕೆ ಬಂದ ಆನೆ ವಾಪಸು ಹೋಗುವ ಹೊತ್ತು ಅದು. ಆನೆಗೆ ನಿಮ್ಮ ಸ್ಪ್ರಿಂಟು ಒಂದು ಲೆಕ್ಕವೇ ಅಲ್ಲ. ರಾಮದೇವರ ಬೆಟ್ಟದ ಸುತ್ತಮುತ್ತ ಕರಡಿ, ಚಿರತೆ ಇವೆ. ಅಲ್ಲೂ ಕತ್ತಲಲ್ಲಿ ಒಬ್ಬರೇ ಬೇಡ.

ಹೊಲದಲ್ಲಿ ದುಡಿಯೋರಿಗೆ, ಫಿಲೇಚರಿನಲ್ಲಿ ದಿನವಿಡೀ ನಿಂತು ನೂಲು ತೆಗೆಯೋರಿಗೆ ಬೇರೆ ಓಟ ಯಾಕಪ್ಪಾ ಅಂತ ನನ್ನ ಹೆಂಡತಿಯ ಅಣ್ಣ ಕೇಳಿದರು. ದುಡಿಮೆ ಸಾಕು ಅನ್ನುವುದು ನಮ್ಮ ಅಪ್ಪಂದಿರ ಮಟ್ಟಿಗೆ ಸರಿ ಇತ್ತು. ನಾವು ಬೀದಿ ಕೊನೆಯ ಅಂಗಡಿಗೂ ಬೈಕ್ ಒದೆಯುವವರು. ಆದರೂ ಸಕ್ಕರೆ ಕಾಯಿಲೆಯ ಹೆದರಿಕೆ ತೋರಿಸಿ ನಿಮ್ಮನ್ನು ಕರೆಯುತ್ತಿಲ್ಲ. ಅದಕ್ಕೆ ವಾಕಿಂಗೇ ಸಾಕು. ನಾನು ಕರೆಯುತ್ತಿರುವುದು ಓಟಕ್ಕೆ. ಎದುರಾಳಿ, ಗೆರೆ, ನಂಬರು, ಸೋಲು ಎಲ್ಲ ಇರುವ ಓಟಕ್ಕೆ. ಬಿ.ಪಿ., ಸಕ್ಕರೆ, ಎದೆ ಒಮ್ಮೆ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ಮೊದಲ ತಿಂಗಳು ಮಾತಾಡುತ್ತ ಓಡುವಷ್ಟೇ ಓಡಿ, ಮಾತು ನಿಂತರೆ ನಡೆಯಿರಿ. ಶೂ ಹೊಸದನ್ನು ಕೂಟದ ದಿನ ಹಾಕಬೇಡಿ. ಕೆಸರಿನ ಮೂಲೆಯಲ್ಲಿ ಜಾರಿಸುತ್ತದೆ.

ಮನವಿ ಪತ್ರ ಬರೆದಿಟ್ಟಿದ್ದೇನೆ, ಒಂದೇ ಪುಟ. ಚನ್ನಪಟ್ಟಣದ್ದು ನಾನು ಸಹಿ ಹಾಕಿಸುತ್ತೇನೆ. ರಾಮನಗರ, ಕನಕಪುರ, ಮಾಗಡಿಯಲ್ಲಿ ನಿಮ್ಮ ಪೈಕಿ ಒಬ್ಬೊಬ್ಬರು ಈ ಕೆಲಸ ಹಿಡಿದು, ಜುಲೈ ಮುಗಿಯುವುದರೊಳಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಮುಟ್ಟಿಸಬೇಕು. ಕೂಟದ ದಿನಾಂಕ ಗೊತ್ತಾದ ಮೇಲೆ ಹೋದರೆ ಈ ವರ್ಷ ಆಗಲ್ಲ ಅಂತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಸಹಿಯ ಪಕ್ಕದಲ್ಲಿ ಹುಟ್ಟಿದ ವರ್ಷ, ಹಿಂದೆ ಓಡುತ್ತಿದ್ದ ದೂರ ಬರೆಯಿರಿ. ಒಪ್ಪಿದರೆ 1,500 ಓಡೋಣ. ಒಪ್ಪದಿದ್ದರೆ ಎಲ್ಲರೂ 5,000ಕ್ಕೇ ಹೆಸರು ಕೊಡೋಣ. ಹುಡುಗರು ಮುಗಿಸಿದ ಮೇಲೆ ಟ್ರ್ಯಾಕಿನಲ್ಲಿ ಇಪ್ಪತ್ತು ಜನ ಉಳಿದರೆ ಇಲಾಖೆಗೆ ತಾನಾಗಿಯೇ ಬೇರೆ ಓಟ ಇಡಬೇಕಾಗುತ್ತದೆ.

ಇಂತಿ ನಿಮ್ಮವನೇ ಆದ,
ಚನ್ನಪಟ್ಟಣದ ಒಬ್ಬ ಓಟಗಾರ